ಖಾಲಿ ಚೌಕದ ಗೆರೆ

ಹಾಳೆ ಅಂಟಿಸುವ ದಿನ ನಮ್ಮೂರಿನಲ್ಲಿ ಯಾರ ಮನೆಯಲ್ಲೂ ಸಾರು ಮಾಡುವುದಿಲ್ಲ. ಚೆಲ್ಲುತ್ತದೆ. ಚಿತ್ರಾನ್ನ, ಒಣ ಪಲ್ಯ, ಹಪ್ಪಳ, ಅಷ್ಟೇ. ಉಪ್ಪಿನಕಾಯಿ ಜಾಡಿಗೆ ಬಟ್ಟೆ ಬಿಗಿದು, ತುಳಸಿ ಕುಂಡ ಒಳಗಿಟ್ಟು, ಬೆಕ್ಕು ಎಲ್ಲಿ ಹಾಳಾಗಿ ಹೋಗಿದೆಯೋ ಹುಡುಕಿ ತಂದು, ಹನ್ನೆರಡೂವರೆಗೆಲ್ಲ ಉಂಡು ಊರಿಗೆ ಊರೇ ಮಲಗುತ್ತದೆ. ನಾಲ್ಕಕ್ಕೆ ಎದ್ದು ಬಾಗಿಲು ತೆಗೆದರೆ ಎದುರಿಗೆ ಬೇರೆ ಮನೆ ಇರುತ್ತದೆ. ಬಸ್ಸು ಹಂಪಿನ ಮೇಲೆ ಹೋದ ಹಾಗೆ ಒಂದು ಸಣ್ಣ ಕುಲುಕು, ಅದೂ ನಿದ್ದೆ ತೆಳುವಾದವರಿಗೆ ಮಾತ್ರ. ಹೊರಗೆ ಉಳಿದ ಬೆಕ್ಕುಗಳು ಎರಡು ದಿನ ಹಳೆಯ ಜಾಗದಲ್ಲೇ ಕೂತು ಅರಚುತ್ತವೆ. ಆಮೇಲೆ ಅವೂ ಹೊಂದಿಕೊಳ್ಳುತ್ತವೆ.

ಹಾಳೆ ಜೋಡಿಸುತ್ತಿದ್ದವಳು ನಾನು. ಹೆಸರು ಹೈಮವತಿ, ಅಂಕಿಅಂಶ ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತೆ. ನಮ್ಮಲ್ಲಿ ನಲವತ್ತೊಂದು ಮನೆಗಳು. ಪ್ರತಿ ಮನೆಯ ಬಾಗಿಲ ಚೌಕಟ್ಟಿನ ಮೇಲೂ ಒಂದು ಸದ್ದಿನ ಮೀಟರು. ಅದರ ಕೆಳಗೆ ದಾರದಲ್ಲಿ ಕಟ್ಟಿದ ಒಂದು ಕಾರ್ಡು. ಆ ದಿನದ ಅತಿ ಜೋರಿನ ಸದ್ದು ಎಷ್ಟಿತ್ತು ಅನ್ನುವ ಅಂಕಿಯನ್ನು ಮನೆಯವರೇ ಸಂಜೆ ಕಾರ್ಡಿನಲ್ಲಿ ಬರೆಯಬೇಕು. ಯಾಕೆ ಅಂತ ಯಾವ ಸರ್ಕಾರ ಯಾವಾಗ ಕೇಳಿತೋ ಗೊತ್ತಿಲ್ಲ. ಬರೆಯುವುದನ್ನು ನಿಲ್ಲಿಸಿ ಅಂತ ಯಾರೂ ಹೇಳಲಿಲ್ಲ, ಬರೆಯುತ್ತಿದ್ದೇವೆ. ವರ್ಷ ಮುಗಿದಾಗ ಆ ಅಂಕಿಗಳಿಂದ ಪ್ರತಿ ಮನೆಗೂ ಒಂದು ಚೌಕದೊಳಗೆ ಏರಿಳಿತದ ಗೆರೆ ಎಳೆಯುತ್ತೇವೆ. ಚೌಕಗಳನ್ನು ಒಂದು ದೊಡ್ಡ ಹಾಳೆಯ ಮೇಲೆ ಆರು ಸಾಲಾಗಿ, ಸಾಲಿಗೆ ಏಳರಂತೆ, ಜೋಡಿಸಿ ಕಚೇರಿಯ ಗೋಡೆಗೆ ಅಂಟಿಸುತ್ತೇವೆ. ಹಾಳೆಯಲ್ಲಿ ಯಾರ ಪಕ್ಕ ಯಾರ ಚೌಕವೋ ಊರಿನಲ್ಲಿ ಅವರ ಪಕ್ಕ ಅವರ ಮನೆ. ನಲವತ್ತೆರಡು ಜಾಗದಲ್ಲಿ ಒಂದು ಖಾಲಿ ಉಳಿಯುತ್ತದೆ. ಆ ಬಯಲಿನಲ್ಲಿ ಎಲ್ಲರೂ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಾರೆ.

ಮರಗಳು, ನಲ್ಲಿ, ಸುಣ್ಣದ ಗೂಡು, ಇವು ಕದಲುವುದಿಲ್ಲ. ಆದ್ದರಿಂದ ಮೂರನೇ ಸಾಲಿನ ಹುಣಸೆಮರ ಒಂದು ವರ್ಷ ಗಾಣದ ರೇವಣ್ಣನದು, ಮರುವರ್ಷ ಇನ್ನೊಬ್ಬರದು. ಕೊನೆಯ ಸಾಲಿನ ಕೊನೆಯ ಜಾಗದ ಬೆನ್ನಿಗೇ ಸುಣ್ಣದ ಗೂಡು. ಅಲ್ಲಿ ಹೋದವರಿಗೆ ವರ್ಷವಿಡೀ ಕೆಮ್ಮು, ಮಲ್ಲಿಗೆ ಬಳ್ಳಿ ಹಾಕಿದರೂ ಎಲೆಯ ಮೇಲೆ ಬಿಳಿ ಪುಡಿ. ಪಕ್ಕಪಕ್ಕ ಇರಲು ಇಬ್ಬರಿಗೂ ಇಷ್ಟವಿದ್ದರೆ ಇಬ್ಬರೂ ಸಹಿ ಹಾಕಿ ಒಪ್ಪಿಗೆ ಚೀಟಿ ಕೊಡಬಹುದು. ಚೀಟಿ ಇಲ್ಲದವರದು ಗುಮಾಸ್ತೆಯ ಮರ್ಜಿ. ಹಾಳೆಗೆ ಮುಂಚಿನ ತಿಂಗಳು ನನ್ನನ್ನು ಕಂಡರೆ ಎಲ್ಲರಿಗೂ ಭಾರಿ ಅಕ್ಕರೆ. "ಹೈಮಕ್ಕ, ಒಂಚೂರು ಕಾಫಿ ಕುಡ್ಕೊಂಡ್ ಹೋಗಿ," ಅನ್ನುವವರೇ. ನಾನು ಯಾರ ಕಾಫಿಗೂ ಕರಗಿದವಳಲ್ಲ. ಸುಣ್ಣದ ಗೂಡಿನ ಜಾಗವನ್ನು ಸರದಿ ಪ್ರಕಾರವೇ ಹಂಚುತ್ತಿದ್ದೆ.

ಆದರೆ ನಿವೃತ್ತಿಗೆ ಮುಂಚಿನ ಹನ್ನೊಂದು ವರ್ಷ ಆ ಸರದಿ ತಿರುಗಲಿಲ್ಲ. ಹನ್ನೊಂದೂ ಸಲ ಆ ಜಾಗದಲ್ಲಿ ನಾನು ಅಂಟಿಸಿದ್ದು ನನ್ನ ತಂಗಿ ಸುಗುಣಳ ಮನೆಯನ್ನು. ನನ್ನದನ್ನು ಮೊದಲ ಸಾಲಿನ ಮೊದಲ ಚೌಕದಲ್ಲಿ. ಹಾಳೆಯ ಮೇಲೆ ಇದಕ್ಕಿಂತ ದೂರ ಇಲ್ಲ. ಊರಿನವರು ಯಾರೂ ತುಟಿಪಿಟಕ್ಕೆನ್ನಲಿಲ್ಲ, ತಮಗೆ ಗೂಡು ತಪ್ಪಿತಲ್ಲ ಅಂತ.

ಸುಗುಣ ಹೂ ಕಟ್ಟುವವಳು. ಮದುವೆ ಆಗಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. ಅಮ್ಮ ಅವಳ ಜೊತೆಗಿದ್ದಳು. ಹೂ ಕಟ್ಟುವ ಕೆಲಸಕ್ಕೆ ಏನು ಸದ್ದು? ಅವಳ ಮನೆಯಷ್ಟು ಮೌನದ ಮನೆ ಊರಿನಲ್ಲಿ ಇನ್ನೊಂದಿರಲಿಲ್ಲ. ನಮ್ಮ ಮನೆ ಹಾಗಲ್ಲ. ನನ್ನ ಬಾಯಿ, ನಮ್ಮವರ ಟೀವಿ, ಮಿಕ್ಸಿ, ಎಲ್ಲವೂ ಪೈಪೋಟಿ ಮೇಲೆ ಇರುತ್ತವೆ.

ಅಮ್ಮ ಹೋಗಿದ್ದು ಹಾಳೆಗೆ ಮೂರು ದಿನ ಮುಂಚೆ. ಒಂಬತ್ತು ದಿನ ಹಾಸಿಗೆ ಹಿಡಿದಿದ್ದಳು. ಆ ಒಂಬತ್ತು ದಿನ ನಾನು ಕಚೇರಿಯಲ್ಲಿ ಗೆರೆ ಎಳೆಯುತ್ತಾ ಕೂತಿದ್ದೆ. "ಇವತ್ತು ಬರ್ತೀನಿ, ನಾಳೆ ಬರ್ತೀನಿ," ಅಂತ ಹೇಳಿ ಕಳಿಸಿದ್ದೇ ಬಂತು. ಆ ವರ್ಷ ಅವರ ಮನೆ ಇದ್ದದ್ದು ನಮ್ಮ ಮನೆಗೆ ನಾಲ್ಕೇ ಸಾಲು ಕೆಳಗೆ. ನಾಲ್ಕು ಸಾಲು ಇಳಿಯುವುದಕ್ಕೆ ನನಗೆ ಪುರುಸೊತ್ತಾಗಲಿಲ್ಲ. ಹೋದದ್ದು ಹೆಣ ನೋಡುವುದಕ್ಕೆ. ಮರುದಿನ ಕಚೇರಿಗೆ ಬಂದು, ಬಾಕಿ ಉಳಿದಿದ್ದ ಸುಗುಣಳ ಕಾರ್ಡು ತೆಗೆದುಕೊಂಡು ಅವಳ ಚೌಕ ಎಳೆದೆ. ವರ್ಷವೆಲ್ಲ ಗೆರೆ ನೆಲಕ್ಕೆ ಅಂಟಿಕೊಂಡು ಬಂದಿತ್ತು. ಬಲತುದಿಯಲ್ಲಿ, ಸರಿಯಾಗಿ ಆ ಒಂಬತ್ತು ದಿನ, ಎದ್ದು ನಿಂತು ಚೌಕದ ಮೇಲಂಚು ಮುಟ್ಟಿತು. ಬ್ಯಾಂಡ್‌ಸೆಟ್ಟಿನ ಕೆಂಚಪ್ಪನ ಮನೆಯ ಗೆರೆ ಮುಟ್ಟುವ ಹಾಗೆ.

ನನಗೆ ತಲೆ ಕೆಟ್ಟಿತು. ಹಾಳೆ ಅಂಟಿಸುವ ಹೊತ್ತಿನಲ್ಲಿ, ಊರವರೆಲ್ಲ ನಿಂತಿದ್ದಾಗ, ಅವಳೂ ಇದ್ದಳು, ಬಾಯಿಗೆ ಬಂದದ್ದು ಅಂದೆ. "ಒಳಗೆ ಅಮ್ಮ ಸಾಯ್ತಾ ಬಿದ್ದಿದ್ರೆ ರೇಡಿಯೋ ಇಷ್ಟು ಜೋರಾಗಿ ಹಾಕ್ಕೊಂಡಿದ್ಯೇನೇ? ಹಬ್ಬ ಮಾಡಿದ್ಯಾ? ನೋಡ್ರಪ್ಪಾ ಎಲ್ಲಾರೂ, ನೋಡಿ ಇಲ್ಲಿ!" ಸುಗುಣ ಹಾಳೆಯನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ. "ನಿಂಗೆ ಓದಕ್ಕೆ ಬರುತ್ತಲ್ಲಕ್ಕ, ಓದ್ಕೋ," ಅಂದಳು. ಅಷ್ಟೇ. ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಅವಳು ಹಾಳೆಯ ಗೋಡೆಯ ಹತ್ತಿರ ಸುಳಿಯಲಿಲ್ಲ. ಅವತ್ತೇ ನಾನು ಅವಳ ಚೌಕವನ್ನು ಕಿತ್ತು ಸುಣ್ಣದ ಗೂಡಿನ ಜಾಗಕ್ಕೆ ಅಂಟಿಸಿದೆ. ಆಗ ನನಗೆ ಸಮಾಧಾನವಾಗಿತ್ತು, ಸುಳ್ಳು ಯಾಕೆ ಹೇಳಲಿ.

ನಾನು ನಿವೃತ್ತಿಯಾಗುವ ವರ್ಷ ಮೇಲಿನ ಕಚೇರಿಯಿಂದ ಎರಡು ಬಂದವು: ಒಂದು ಕಂಪ್ಯೂಟರು, ಒಂದು ಆದೇಶ. ಇನ್ನು ಮೇಲೆ ಹಾಳೆಯನ್ನು ಕೈಯಲ್ಲಿ ಕತ್ತರಿಸಿ ಮೈದಾ ಅಂಟಿನಲ್ಲಿ ಅಂಟಿಸುವಂತಿಲ್ಲ, ತಂತ್ರಾಂಶದಲ್ಲೇ ಜೋಡಿಸಬೇಕು. ಮತ್ತು ಈ ವರ್ಷ ಯಾವ ಕ್ರಮದಲ್ಲಿ ಜೋಡಿಸುತ್ತೀರೋ ಅದೇ ಕಾಯಂ, ಮುಂದೆ ಬದಲಿಸುವಂತಿಲ್ಲ. ಊರಿನಲ್ಲಿ ಗುಲ್ಲೆದ್ದಿತು. ಹುಣಸೆಮರ ಕಾಯಮ್ಮಾಗಿ ಯಾರಿಗೆ? ಸುಣ್ಣದ ಗೂಡು ಕಾಯಮ್ಮಾಗಿ ಯಾರಿಗೆ? ಒಂದೇ ವಾರದಲ್ಲಿ ಮೂವತ್ತು ಒಪ್ಪಿಗೆ ಚೀಟಿ ಬಂದವು. ಅತ್ತೆಯ ಪಕ್ಕ ಬೇಡ ಅಂತ ಬರೆದ ಚೀಟಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದಕ್ಕೆ ನಮ್ಮಲ್ಲಿ ನಮೂನೆ ಇಲ್ಲ.

ಕಂಪ್ಯೂಟರಿನ ಜೊತೆ ಕಲಿಸುವುದಕ್ಕೆ ಜುಲೇಖಾ ಅನ್ನುವವರು ಬಂದರು. ನಲವತ್ತು ದಾಟಿದ ಹೆಂಗಸು, ಕನ್ನಡಕ, ಕೈಚೀಲದಲ್ಲಿ ಸದಾ ಹುರಿಗಡಲೆ. ಊರಿನ ರೀತಿ ಕೇಳಿ ನಕ್ಕರು. "ಮನೆ ಓಡಾಡ್ತವಾ ಮೇಡಂ? ಒಳ್ಳೇ ಕತೆ," ಅಂದರು. ನಾನು ವಾದಿಸಲಿಲ್ಲ. ಹಾಳೆ ದಿನ ನಮ್ಮ ಮನೆಗೇ ಊಟಕ್ಕೆ ಬನ್ನಿ ಅಂದೆ.

ಕೆಲಸ ನಾನು ಹೆದರಿದಷ್ಟು ಕಷ್ಟವಿರಲಿಲ್ಲ. ಮನೆಗಳ ಹೆಸರು, ಅಂಕಿ, ಎಲ್ಲ ಒಂದು ಪಟ್ಟಿಯಲ್ಲಿ. ಎಷ್ಟು ಸಾಲು, ಸಾಲಿಗೆ ಎಷ್ಟು ಅಂತ ಒಂದು ಗೆರೆಯಲ್ಲಿ ಬರೆದರೆ ಸಾಕು, ಪಟ್ಟಿಯಲ್ಲಿ ಹೆಸರು ಬಂದ ಕ್ರಮದಲ್ಲೇ ಎಡದಿಂದ ಬಲಕ್ಕೆ ಚೌಕಗಳು ತಾವಾಗಿ ಕೂತುಬಿಡುತ್ತವೆ. ಮೂವತ್ತೊಂದು ವರ್ಷ ಕತ್ತರಿ ಹಿಡಿದು ಬೆರಳಿಗೆ ಜಡ್ಡು ಬಿದ್ದಿದೆ ನನಗೆ. ಇದು ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು. ಥೂ, ಅನಿಸಿತು.

"ಈಗ ಅಳತೆ ಹೇಳಿ ಮೇಡಂ," ಅಂದರು ಜುಲೇಖಾ. "ಎಲ್ಲಾ ಚೌಕಕ್ಕೂ ಒಂದೇ ಅಳತೆ ಇಡೋಣ್ವಾ, ಇಲ್ಲ ಅವರವರ ಅಳತೆ ಅವರವರಿಗಾ?"

"ಅವರವರದೇ," ಅಂದೆ. ನನಗೆ ಕಲಿಸಿದ ಹಿರಿಯ ಗುಮಾಸ್ತರು ಅನಂತಯ್ಯನವರು ಮೊದಲ ದಿನವೇ ಹೇಳಿದ್ದ ಮಾತು ಅದು: ಯಾವ ಮನೆಯ ಚೌಕವೂ ಬಡವಾಗಿ ಕಾಣಬಾರದಮ್ಮ, ಜನ ನೊಂದುಕೊಳ್ಳುತ್ತಾರೆ, ಪ್ರತಿಯೊಬ್ಬರ ಗೆರೆಯೂ ಒಂದು ಸಲವಾದರೂ ಮೇಲಂಚು ಮುಟ್ಟುವ ಹಾಗೆ ಎಳೆ.

"ಹಾಗೆ ಇಟ್ರೆ ಒಂದೊಂದು ಮನೆ ಒಳಗಿನ ಏರಿಳಿತ ಚೆನ್ನಾಗಿ ಕಾಣುತ್ತೆ, ಸರಿ," ಅಂದರು ಜುಲೇಖಾ, ಕಡಲೆ ಬಾಯಿಗೆ ಹಾಕಿಕೊಂಡು. "ಆದ್ರೆ ಒಂದನ್ನ ಇನ್ನೊಂದರ ಜೊತೆ ಹೋಲಿಸಂಗಿಲ್ಲ. ಎರಡು ರೂಪಾಯಿ ಇರೋನೂ ಸಾಹುಕಾರನೂ ಒಂದೇ ಎತ್ತರ ಕಾಣ್ತಾರೆ. ಆದೇಶದಲ್ಲಿ ಒಂದೇ ಅಳತೆ ಅಂತಿದೆ, ನೋಡಿ." ಆಮೇಲೆ, ಕೈ ಪಳಗಲಿ ಅಂತ, ಯಾವುದಾದರೂ ಹಳೇ ವರ್ಷದ ಅಂಕಿ ಹಾಕಿ ನೀವೇ ಒಂದು ಸಲ ಮಾಡಿ ಅಂದು ಊಟಕ್ಕೆ ಎದ್ದರು.

ಬೀರುವಿನಲ್ಲಿ ಹಳೇ ಕಾರ್ಡಿನ ಕಟ್ಟುಗಳು ಸಾಲಾಗಿದ್ದವು. ಬೇರೆ ಯಾವುದನ್ನೂ ತೆಗೆಯಬಹುದಿತ್ತು. ಕೈ ಹನ್ನೊಂದು ವರ್ಷ ಹಿಂದಿನದಕ್ಕೇ ಹೋಯಿತು. ಎರಡು ದಿನ ಕೂತು ಅಂಕಿಗಳನ್ನೆಲ್ಲ ತುಂಬಿದೆ, ಒಂದೇ ಅಳತೆ ಅಂತ ಬರೆದೆ, ಗುಂಡಿ ಒತ್ತಿದೆ.

ಕೆಂಚಪ್ಪನ ಮನೆ ಚೌಕದ ತುದಿಯವರೆಗೆ ಎದ್ದಿತ್ತು. ನಮ್ಮ ಮನೆ ಅರ್ಧಕ್ಕೆ. ಸುಗುಣಳ ಚೌಕ ಖಾಲಿ ಇದೆ ಅಂದುಕೊಂಡೆ. ಮೂಗು ಪರದೆಗೆ ತಾಗುವಷ್ಟು ಬಗ್ಗಿ ನೋಡಿದರೆ ತಳದಲ್ಲಿ ಗೆರೆ ಇತ್ತು. ಬಲತುದಿಯಲ್ಲಿ ಒಂಬತ್ತು ದಿನದ ಒಂದು ಸಣ್ಣ ಉಬ್ಬು, ಅಕ್ಕಿಕಾಳಿನಷ್ಟು.

ಕಾರ್ಡು ತೆಗೆದು ನೋಡಿದೆ. ಅವಳದೇ ಅಕ್ಷರ, ಗುಂಡಗೆ. ಎರಡು, ಮೂರು, ಎರಡು, ಎರಡು. ಕೊನೆಯ ಒಂಬತ್ತು ದಿನ ಹನ್ನೊಂದು, ಹನ್ನೆರಡು, ಹನ್ನೊಂದು. ನಮ್ಮ ಮನೆಯ ಮಾಮೂಲಿ ದಿನ ನಲವತ್ತು. ಕೆಂಚಪ್ಪನ ಬ್ಯಾಂಡು ತೊಂಬತ್ತಾರು. ಹನ್ನೆರಡು ಅಂದರೆ ಪಕ್ಕದಲ್ಲಿ ಕೂತವರಿಗೆ ಮಾತ್ರ ಕೇಳುವ ದನಿ. ಈ ಅಂಕಿಗಳೆಲ್ಲ ನನ್ನ ಕೈಯಲ್ಲೇ ಇದ್ದವು ಅಂದು. ನಾನೇ ಓದಿ, ನಾನೇ ಚೌಕದ ಪಕ್ಕ ಅಳತೆ ಬರೆದು, ನಾನೇ ಗೆರೆ ಎಳೆದವಳು. ಎಡಗಡೆಯ ಅಂಕಿಯನ್ನು ನೋಡದೆ ಗೆರೆಯ ಎತ್ತರವನ್ನಷ್ಟೇ ನೋಡಿದೆ. ಯಾಕೆ ನೋಡಿದೆ ಅಂತಲೂ ಗೊತ್ತು. ಹೋಗಲಿಲ್ಲವಲ್ಲ ಅನ್ನುವುದು ಒಳಗೆ ಕಡಿಯುತ್ತಿತ್ತು, ಕಡಿಯುವುದನ್ನು ಯಾರ ಮೇಲಾದರೂ ಹಾಕಬೇಕಿತ್ತು. ಜುಲೇಖಾ ಆ ದಿನದ ಊಟ ಮುಗಿಸಿ ಬಂದಾಗ ನಾನು ಅಳುತ್ತಿದ್ದೆ. ಕಂಪ್ಯೂಟರು ಕೆಟ್ಟಿತೇನೋ ಅಂತ ಪಾಪ ಅವರಿಗೆ ಗಾಬರಿ.

ಹಾಳೆಗೆ ನಾಲ್ಕು ದಿನವಿತ್ತು. ಅದೊಂದನ್ನು ಅಚ್ಚು ಹಾಕಿಸಿ, ಸುರುಳಿ ಸುತ್ತಿ, ಕೊನೆಯ ಸಾಲಿನ ಕೊನೆಯ ಮನೆಗೆ ಹೋದೆ. ಸುಗುಣ ಜಗಲಿಯ ಮೇಲೆ ಬುಟ್ಟಿ ಇಟ್ಟುಕೊಂಡು ಸೇವಂತಿಗೆ ಹೂಗಳನ್ನು ಒಂದೊಂದಾಗಿ ನೀರಿನಲ್ಲಿ ಅದ್ದಿ ಕೊಡವುತ್ತಿದ್ದಳು. ಸುಣ್ಣದ ಪುಡಿ ಹೋಗಲಿ ಅಂತ. ಹನ್ನೊಂದು ವರ್ಷ ದಿನಾ ಹೀಗೆ ತೊಳೆದಿದ್ದಾಳೆ. ಅವಳ ಬೆರಳ ತುದಿಗಳು ಬಿಳುಚಿ ಬಿರಿದಿದ್ದವು. ನನ್ನನ್ನು ನೋಡಿ ಕೈ ನಿಲ್ಲಿಸಲಿಲ್ಲ.

"ಓದ್ದೆ ಕಣೇ," ಅಂದೆ. ಬೇರೆ ಏನೇನೋ ಯೋಚಿಸಿಕೊಂಡು ಹೋಗಿದ್ದೆ, ಬಂದದ್ದು ಅಷ್ಟೇ.

ಸುರುಳಿ ಬಿಚ್ಚಿ ತೋರಿಸಿದೆ. ಅವಳು ನೋಡಲಿಲ್ಲ. "ನಂಗ್ ಗೊತ್ತಲ್ಲ ಅದು, ನಾನೇ ಬರ್ದಿದ್ದು," ಅಂದಳು. ಇನ್ನೊಂದು ಹೂ ಅದ್ದಿದಳು. "ಹಾಡು ಹೇಳು ಅಂತಿದ್ಲು ಅಮ್ಮ. ನಂಗೆ ಹಾಡಕ್ಕೆ ಎಲ್ಲಿ ಬರುತ್ತೆ? ನೀನು ಹಾಡ್ತಿದ್ದೋಳು. ಅಕ್ಕ ಬರ್ತಾಳೆ, ಅಕ್ಕನ ಕೈಲಿ ಹಾಡ್ಸೋಣ ಅಂದೆ. ಮೂರನೇ ದಿನ ಅದನ್ನೂ ಹೇಳೋದು ಬಿಟ್ಟೆ. ನಂಗೆ ಬಂದ ಹಾಗೆ ಕಿವೀಲಿ ಹಾಡಿದೆ. ಸೋಬಾನೆ ಪದ, ಬೀಸೋ ಪದ, ಯಾವ್ದು ನೆನಪಿಗೆ ಬಂತೋ ಅದು."

ಜಗಲಿಯ ಅಂಚಿನಲ್ಲಿ ಕೂತೆ. ತಪ್ಪಾಯ್ತು ಅಂದೆ. ಒಪ್ಪಿಗೆ ಚೀಟಿ ತೆಗೆದು ಮುಂದಿಟ್ಟೆ. "ಇದು ಕಡೇ ಹಾಳೆ ಸುಗುಣ. ಈಗ ಎಲ್ಲಿ ಕೂತ್ಕೋತೀವೋ ಅಲ್ಲೇ ಸಾಯೋತನಕ. ಮೊದಲ್ನೇ ಸಾಲಲ್ಲಿ ನನ್ ಪಕ್ಕಕ್ಕೆ ಬಂದ್ಬಿಡು. ಈ ಸುಣ್ಣ ಸಾಕು."

ಅವಳು ಚೀಟಿಯನ್ನು ಓದಿದಳು. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡಳು. "ನಾ ಬಂದ್ರೆ ಈ ಜಾಗಕ್ಕೆ ಯಾರನ್ ತಳ್ತೀಯ?" ಅಂದಳು.

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ರೇವಣ್ಣನೋ, ಯಾರೋ.

"ನಂಗಿಲ್ಲಿ ಅಭ್ಯಾಸ ಆಗಿದೆ. ನಾ ಎಲ್ಲಿಗೂ ಬರಲ್ಲ. ನಿಂಗ್ ಬೇಕಾದ್ರೆ ನೀನೇ ಬಾ ಕೆಳಕ್ಕೆ."

"ಬರ್ತೀನಿ," ಅಂದೆ.

"ಪಕ್ಕದ ಗೋಡೆ ಬೇಡ." ಅವಳ ದನಿ ಗಟ್ಟಿಯಾಗಲಿಲ್ಲ, ಅದು ಆಗುವುದೇ ಇಲ್ಲ. "ನಡುವೆ ಆ ಖಾಲಿ ಇಡ್ತೀಯಲ್ಲ, ಅದು ಇರಲಿ. ನೀ ಬರೋದಾದ್ರೆ ಅಷ್ಟು ದೂರ ನಡ್ಕೊಂಡ್ ಬಾ. ಆ ಒಂಬತ್ತು ದಿನ ನಡೀಲಿಲ್ವಲ್ಲ." ಸಹಿ ಹಾಕಿದಳು. ಕಾಫಿಗೆ ಕರೆಯಲಿಲ್ಲ.

ಮನೆಗೆ ಹೋಗಿ ಹೇಳಿದಾಗ ನಮ್ಮವರು ಟೀವಿ ಆರಿಸಿದರು. ಮದುವೆಯಾದ ಮೇಲೆ ಅವರು ತಾವಾಗಿ ಟೀವಿ ಆರಿಸಿದ್ದು ಅದೇ ಮೊದಲು. "ಸುಣ್ಣದ ಗೂಡಿಗಾ? ಕಾಯಂ ಆಗಾ? ನಿಂಗೇನ್ ತಲೆಗಿಲೆ ಕೆಟ್ಟಿದ್ಯಾ?" ಅಂದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಮಾಡಿದ್ದುಣ್ಣೋ ಮಹರಾಯ ಅಂತಾರೆ. ನೀ ಮಾಡಿದ್ದನ್ನ ನಾನೂ ಉಣ್ಬೇಕು, ಅಷ್ಟೇ," ಅಂದು ಮತ್ತೆ ಟೀವಿ ಹಾಕಿದರು. ಒಳ್ಳೆಯ ಮನುಷ್ಯ.

ಪಟ್ಟಿಯಲ್ಲಿ ನನ್ನ ಹೆಸರನ್ನು ಮೊದಲನೆಯದರಿಂದ ನಲವತ್ತನೆಯದಕ್ಕೆ ಇಳಿಸಿದೆ. ಮೊದಲ ಚೌಕಕ್ಕೆ ಕೆಂಚಪ್ಪ ಹೋದ, ಬ್ಯಾಂಡು ಸಮೇತ. ತೊಂದರೆ ಬಂದದ್ದು ಖಾಲಿ ಜಾಗದ್ದು. ನಲವತ್ತೊಂದು ಮನೆಯ ಹೆಸರಿದ್ದರೆ ತಂತ್ರಾಂಶ ನಲವತ್ತೊಂದನ್ನೂ ಒತ್ತೊತ್ತಾಗಿ ಕೂರಿಸಿ ಖಾಲಿಯನ್ನು ಕೊನೆಗೆ ತಳ್ಳುತ್ತಿತ್ತು. ನಾನೂ ಸುಗುಣಳೂ ಗೋಡೆಗೆ ಗೋಡೆ ತಾಗಿಕೊಂಡು, ಖಾಲಿ ಜಾಗ ಸುಣ್ಣದ ಗೂಡಿನ ಪಾಲು. ಕತ್ತರಿ, ಅಂಟು ಇದ್ದ ಕಾಲದಲ್ಲಿ ಎಲ್ಲಿ ಬೇಕೋ ಅಲ್ಲಿ ಜಾಗ ಬಿಡುತ್ತಿದ್ದೆ. ಎಷ್ಟು ಸಲ ಮಾಡಿದರೂ ಅದು ನಮ್ಮಿಬ್ಬರನ್ನು ಅಂಟಿಸಿಬಿಡುತ್ತಿತ್ತು. ಬಿಟ್ಟುಬಿಡೋಣ, ಯಂತ್ರದ್ದೇ ತಪ್ಪು ಅಂದರಾಯಿತು ಅಂತ ಒಂದು ಗಳಿಗೆ ಅನಿಸಿತು. ಸುಗುಣಳ ಚೀಟಿ ಮೇಜಿನ ಮೇಲಿತ್ತು. ಅವಳ ಚೌಕವನ್ನು ಅವಳನ್ನು ಕೇಳದೆ ಅಂಟಿಸಿದ್ದು ಸಾಕಾಗಿತ್ತು ನನಗೆ.

ಜುಲೇಖಾ ಉಪಾಯ ಹೇಳಿದರು. "ಖಾಲಿಗೂ ಒಂದು ಹೆಸರು ಕೊಡಿ ಮೇಡಂ. ಅಂಕಿ ಏನೂ ಹಾಕ್ಬೇಡಿ. ಅದನ್ನೂ ಒಂದು ಮನೆ ಅನ್ಕೊಂಡು ಚೌಕ ಹಾಕುತ್ತೆ, ಒಳಗೆ ಗೆರೆ ಇರಲ್ಲ." ಸುಗುಣಳ ಹೆಸರಿಗೂ ನನ್ನ ಹೆಸರಿಗೂ ನಡುವೆ 'ಖಾಲಿ' ಅಂತಲೇ ಬರೆದೆ. ಬಂತು. ಸರಿಯಾಗಿ ನಡುವೆ, ನಾಲ್ಕು ಗೆರೆಯ ಚೌಕಟ್ಟು, ಒಳಗೆ ಏನೂ ಇಲ್ಲ. ಹಿಂದೆಲ್ಲ ಖಾಲಿ ಅಂದರೆ ಬರೀ ಬಿಳಿ ಕಾಗದ. ಇದಕ್ಕೆ ಚೌಕಟ್ಟಿತ್ತು. ಅದರಿಂದ ಏನಾಗಬಹುದು ಅಂತ ಇಬ್ಬರಿಗೂ ಹೊಳೆಯಲಿಲ್ಲ.

ಹಾಳೆ ಅಂಟಿಸಿ ಬಂದು, ಜುಲೇಖಾಗೆ ಚಿತ್ರಾನ್ನ ಬಡಿಸಿದೆ. ನಾನು ಮಲಗಲ್ಲ, ಎಚ್ಚರವಾಗಿದ್ದು ನೋಡೇ ನೋಡ್ತೀನಿ ಅಂದವರು ಎರಡನೇ ಸಲ ಬಡಿಸಿಕೊಂಡ ಮೇಲೆ ಗೋಡೆಗೊರಗಿ ಗೊರಕೆ ಹೊಡೆದರು. ನಾಲ್ಕಕ್ಕೆ ಎದ್ದು ಬಾಗಿಲು ತೆಗೆದು, "ಅಯ್ಯೋ ಅಲ್ಲಾ," ಅಂತ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು. ಎದುರಿಗೆ ಸುಣ್ಣದ ಗೂಡಿನ ಹೊಗೆ. ಪಕ್ಕದಲ್ಲಿ, ಬಟ್ಟೆ ಒಣಗಿಸುವ ಬಯಲು ಇರಬೇಕಾದ ಕಡೆ, ಒಂದು ಮನೆ ನಿಂತಿತ್ತು. ನಾಲ್ಕು ಗೋಡೆ, ಮೇಲೆ ಸೂರು, ಬಾಗಿಲ ಚೌಕಟ್ಟಿದೆ, ಬಾಗಿಲಿಲ್ಲ. ಒಳಗೆ ಒಂದು ಗೂಟ ಕೂಡ ಇಲ್ಲ. ಚೌಕಟ್ಟಿನ ಮೇಲೆ ಮೀಟರು, ಕೆಳಗೆ ದಾರದಲ್ಲಿ ಬಿಳಿ ಕಾರ್ಡು. ಇನ್ನು ಬಟ್ಟೆ ಎಲ್ಲಿ ಒಣಗಿಸೋದು ಅಂತ ಊರಿನವರು ಒಂದು ವಾರ ನನ್ನನ್ನು ಬೈದರು. ಆಮೇಲೆ ಮಾಳಿಗೆ ಮೇಲೆ ಹಗ್ಗ ಕಟ್ಟಿಕೊಂಡರು.

ಮುಂದಿನ ತಿಂಗಳು ನಿವೃತ್ತಿಯಾದೆ. ನನ್ನ ಜಾಗಕ್ಕೆ ಜುಲೇಖಾ ಕೇಳಿಕೊಂಡು ಬಂದರು. ದಿನಾ ಸಂಜೆ ನಾಲ್ಕಕ್ಕೆ ನಾನು ಎರಡು ಲೋಟ ಕಾಫಿ ಹಿಡಿದು ಆ ಖಾಲಿ ಮನೆಗೆ ಹೋಗಿ ನೆಲದ ಮೇಲೆ ಕೂರುತ್ತಿದ್ದೆ. ಆಚೆ ಜಗಲಿಯಲ್ಲಿ ಸುಗುಣ ಹೂ ತೊಳೆಯುವುದು ಕಾಣುತ್ತಿತ್ತು. ಅವಳಿಗೂ ನಾನು ಕಾಣುತ್ತಿದ್ದೆ. ಬರುತ್ತಿರಲಿಲ್ಲ. ನಾನು ಕರೆಯುತ್ತಿರಲಿಲ್ಲ. ನನ್ನದು ಕುಡಿದು, ಆರಿದ ಇನ್ನೊಂದು ಲೋಟ ತಂದು ನಮ್ಮವರಿಗೆ ಕೊಡುತ್ತಿದ್ದೆ. ಅವರು ಗೊಣಗದೆ ಕುಡಿಯುತ್ತಿದ್ದರು. ಹೊರಡುವಾಗ ಕಾರ್ಡಿನಲ್ಲಿ ಬರೆಯುತ್ತಿದ್ದೆ: ಎರಡು. ಎರಡು. ಲೋಟ ನೆಲಕ್ಕೆ ಇಟ್ಟ ಸದ್ದು ಇರಬೇಕು. ನಾಲ್ಕು ತಿಂಗಳು ಹಾಗೇ ಹೋಯಿತು.

ಐದನೇ ತಿಂಗಳು, ಒಂದು ಮಂಗಳವಾರ, ಸುಗುಣ ಬುಟ್ಟಿ ಪಕ್ಕಕ್ಕಿಟ್ಟು ಎದ್ದು ಬಂದಳು. ಒಳಗೆ ಬಂದು ನಿಂತು ಲೋಟ ಎತ್ತಿ ಒಂದು ಗುಟುಕು ಕುಡಿದು ಮುಖ ಸಿಂಡರಿಸಿದಳು. "ಸಕ್ಕರೆ ಹಾಕಿದ್ಯಾ," ಅಂದಳು. "ನಾ ಸಕ್ಕರೆ ಬಿಟ್ಟು ಎಂಟು ವರ್ಷ ಆಯ್ತು. ಊರಿಗೆಲ್ಲ ಗೊತ್ತು. ನಿಂಗ್ ಗೊತ್ತಿಲ್ಲ."

"ಯಾರೂ ಹೇಳ್ಲಿಲ್ಲ ಕಣೇ..."

"ಯಾರ್ ಹೇಳ್ಬೇಕಿತ್ತು?" ಅಂದಳು ಸುಗುಣ. ಅಲ್ಲಿಂದ ಅವಳ ದನಿ ಏರಿತು. ನನ್ನ ತಂಗಿಗೆ ಅಂಥದೊಂದು ದನಿ ಇದೆ ಅಂತ ಹುಟ್ಟಿದಾಗಿನಿಂದ ನನಗೆ ಗೊತ್ತಿರಲಿಲ್ಲ. ಅಮ್ಮ ಬಾಗಿಲ ಕಡೆಗೇ ತಲೆ ಹಾಕಿಸಿಕೊಂಡು ಮಲಗಿದ್ದಳಂತೆ, ನಾನು ಬಂದರೆ ಕಾಣಲಿ ಅಂತ. ಹನ್ನೊಂದು ವರ್ಷದಲ್ಲಿ ಎಷ್ಟು ಬಿಂದಿಗೆ ನೀರು ಹೊತ್ತು ಹೂ ತೊಳೆದಳು, ಯಾವ ಚಳಿಯಲ್ಲಿ ಬೆರಳಲ್ಲಿ ರಕ್ತ ಬಂತು, ಯಾರ ಯಾರ ಮದುವೆಯಲ್ಲಿ ಜನ ಅವಳನ್ನು ತೋರಿಸಿ ಪಿಸುಗುಟ್ಟಿದರು, ಎಲ್ಲ ಬಂತು. "ಬಂದು ಬಾಗ್ಲಲ್ಲಿ ನಿಂತಿದ್ರೆ ಸಾಕಿತ್ತು! ಹಾಡೋದೂ ಬೇಡ, ಏನೂ ಬೇಡ, ಬಂದು ನಿಂತಿದ್ರೆ ಸಾಕಿತ್ತು!" ಬರಿಯ ಗೋಡೆಯ ಮನೆ, ಒಂದೊಂದು ಮಾತೂ ನಾಲ್ಕು ಸಲ ತಿರುಗಿ ಬಡಿಯುತ್ತಿತ್ತು. ಸುಮ್ಮನೆ ಕೇಳಿಸಿಕೊಳ್ಳಬೇಕಿತ್ತು ನಾನು. ಆಗಲಿಲ್ಲ, ನಾನೂ ಕೂಗಿದೆ, ಹೆದರಿದ್ದೆ ಕಣೇ, ನೋಡಕ್ಕೆ ಹೆದರಿದ್ದೆ ಅಂತ. ಆ ಮಾತು ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ. ಸುಣ್ಣದ ಗೂಡಿನವರು ಕೆಲಸ ನಿಲ್ಲಿಸಿ ಬಂದು ನೋಡಿದರು. ಮುಗಿದಾಗ ಇಬ್ಬರಿಗೂ ಗಂಟಲು ಕಟ್ಟಿತ್ತು. ಸುಗುಣ ಸಕ್ಕರೆ ಕಾಫಿಯನ್ನು ಅಷ್ಟನ್ನೂ ಕುಡಿದು, ಲೋಟ ಕೆಳಗಿಟ್ಟು ಹೋದಳು. ಮೀಟರು ನೋಡಿದೆ. ನೂರ ಹದಿನೆಂಟು. ಬರೆದೆ.

ಮಾರನೆಯ ದಿನ ಒಂದು ಲೋಟಕ್ಕೆ ಸಕ್ಕರೆ ಹಾಕಲಿಲ್ಲ. ಅವಳು ಬಂದಳು. ಕೂತಳು. ಅಲ್ಲಿಂದ ದಿನಾ ಬಂದಳು, ಕಾರ್ಡಿನಲ್ಲಿ ನಾನು ಬರೆಯುವ ಅಂಕಿ ಹನ್ನೊಂದು, ಹನ್ನೆರಡು ಆಯಿತು.

ಈ ವರ್ಷದ ಹಾಳೆಯನ್ನು ಜುಲೇಖಾ ಅಂಟಿಸಿದರು. ಮನೆಗಳು ಇನ್ನು ಕದಲುವುದಿಲ್ಲ ಅಂತ ಗೊತ್ತಿದ್ದರೂ ಯಾರೂ ಸಾರು ಮಾಡಿರಲಿಲ್ಲ. ಗೋಡೆಯ ಮುಂದೆ ಗಲಾಟೆಯೋ ಗಲಾಟೆ. ಎಲ್ಲರ ಚೌಕದಲ್ಲೂ ಗೆರೆ ಹೋದ ವರ್ಷಕ್ಕಿಂತ ಇನ್ನೂ ಕುಗ್ಗಿ ಹೋಗಿತ್ತು. "ನನ್ ಮಗಳ ಮದ್ವೆ ನೋಡ್ರಿ, ಇರುವೆ ಥರಾ ಇದೆ!" ಅಂತ ರೇವಣ್ಣ ಕೂಗಾಡುತ್ತಿದ್ದ. ಕೆಂಚಪ್ಪನಿಗೆ ಅವಮಾನವೇ ಆಗಿತ್ತು, ಅವನ ಬ್ಯಾಂಡು ಮೊದಲ ಸಲ ಮೇಲಂಚು ಮುಟ್ಟಿರಲಿಲ್ಲ. "ಯಾರ್ದ್ರೀ ಅದು ಖಾಲಿ ಮನೆ? ನಮ್ ಬ್ಯಾಂಡ್‌ಗಿಂತ ಜೋರಾ?" ಅಂದ. ಕೊನೆಯ ಸಾಲಿನ ಆ ಚೌಕದಲ್ಲಿ ಒಂದೇ ಒಂದು ಗೆರೆ ಮೊಳೆ ಹೊಡೆದ ಹಾಗೆ ನೆಟ್ಟಗೆ ಎದ್ದು ಅಂಚು ಮುಟ್ಟಿತ್ತು. ಒಂದೇ ಅಳತೆಯಲ್ಲವೇ, ಅದನ್ನು ಹಿಡಿಸುವುದಕ್ಕೆ ಊರೆಲ್ಲ ಕುಳ್ಳಾಗಬೇಕಾಯಿತು.

ಜುಲೇಖಾ ಗುಂಪಿನಿಂದ ನನ್ನನ್ನು ಪಕ್ಕಕ್ಕೆ ಕರೆದರು. "ಜನ ಗಲಾಟೆ ಮಾಡ್ತಿದ್ದಾರೆ ಮೇಡಂ. ಆ ಒಂದು ದಿನದ ಅಂಕಿ ತೆಗೆದ್ಬಿಟ್ರೆ ಎಲ್ಲಾ ಸರಿಹೋಗುತ್ತೆ. ತೆಗೀಲಾ?"

"ಇರಲಿ ಬಿಡಿ," ಅಂತ ಹಿಂದಿನಿಂದ ದನಿ ಬಂತು. ಸುಗುಣ. ಕೈಯಲ್ಲಿ ಹೂವಿನ ಬುಟ್ಟಿ, ಕೂದಲಲ್ಲಿ ಸುಣ್ಣದ ಪುಡಿ. ಹನ್ನೆರಡು ವರ್ಷದ ಮೇಲೆ ಆ ಗೋಡೆಯ ಹತ್ತಿರ ಬಂದಿದ್ದಳು. ಜನ ತಾವಾಗಿ ದಾರಿ ಬಿಟ್ಟರು. ಅವಳು ಹಾಳೆಯ ಮುಂದೆ ನಿಂತು, ಆ ಮೊಳೆಯಂಥ ಗೆರೆಯನ್ನು ನೋಡಿ, ಅದರ ಬಲಕ್ಕೆ ಬೆರಳು ಇಟ್ಟಳು. ಅಲ್ಲಿಂದ ಚೌಕದ ಕೊನೆಯವರೆಗೆ ನೆಲಕ್ಕೆ ಅಂಟಿದಂತೆ ಸಣ್ಣ ಸಣ್ಣ ಉಬ್ಬುಗಳಿದ್ದವು, ಸಾಸಿವೆ ಚೆಲ್ಲಿದ ಹಾಗೆ.

"ಇದೇನಕ್ಕ ಇದು?" ಅಂದಳು. "ನಿಂಗೆ ಓದಕ್ಕೆ ಬರುತ್ತಲ್ಲ, ಓದು."

ಕನ್ನಡಕ ಒರೆಸಿ ಹಾಕಿಕೊಂಡೆ. ಎಲ್ಲರೂ ನೋಡುತ್ತಿದ್ದರು. ನಾನು ಮೊದಲು ಎಡಗಡೆಯ ಅಂಕಿಯನ್ನು ಓದಿದೆ. ಆಮೇಲೆ ಗೆರೆಯನ್ನು.